ಎರಡು ವರ್ಷದೊಳಗಿನ ಅಪೌಷ್ಟಿಕತೆ ಎಂಟನೇ ವಯಸ್ಸಿನ ಎತ್ತರದಲ್ಲಿ, ಕಲಿಕೆಯಲ್ಲಿ ಎಷ್ಟು ಉಳಿಯುತ್ತದೆ?

ಬದಿಯಡ್ಕ_ಎಲ್‌ಪಿ_ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಕನ್ನಡ ಮಾಧ್ಯಮ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ವಯಸ್ಸು ಎಂಟು ತುಂಬಿದ್ದರೂ ಅಸೆಂಬ್ಲಿಯ ಸಾಲಿನಲ್ಲಿ ಅವನು ಒಂದನೇ ತರಗತಿಯ ಮಕ್ಕಳಷ್ಟೇ ಎತ್ತರ ಕಾಣುತ್ತಾನೆ. ಒತ್ತಕ್ಷರ ಬಂದಲ್ಲಿ ಅವನ ಓದು ನಿಂತುಬಿಡುತ್ತದೆ. ಬೋರ್ಡಿನ ಮೇಲಿನ ಒಂದು ವಾಕ್ಯವನ್ನು ಬರೆದುಕೊಳ್ಳುವಷ್ಟರಲ್ಲಿ ಗಮನ ಎರಡು ಮೂರು ಸಲ ಬೇರೆಡೆಗೆ ಹೋಗಿರುತ್ತದೆ. ಬುದ್ಧಿ ಇಲ್ಲದ ಹುಡುಗನೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಬಾಯಿಲೆಕ್ಕವನ್ನು ಅವನು ಚೆನ್ನಾಗಿಯೇ ಮಾಡುತ್ತಾನೆ.

ಪಿಟಿಎ ಸಭೆಗೆ ಬಂದಿದ್ದ ಅವನ ತಾಯಿ ಹಳೆಯ ತಾಯಿ-ಮಗು ಕಾರ್ಡನ್ನು ತೋರಿಸಿದರು. ತೂಕದ ಗೆರೆ ಆರು ತಿಂಗಳವರೆಗೆ ಸರಿಯಾಗಿ ಮೇಲೇರಿ, ಅಲ್ಲಿಂದ ಒಂದೂವರೆ ವರ್ಷದ ತನಕ ಹೆಚ್ಚುಕಡಿಮೆ ಅಡ್ಡಕ್ಕೇ ಸಾಗಿದೆ. ಆ ಅವಧಿಯಲ್ಲಿ ಪದೇ ಪದೇ ಭೇದಿಯಾಗುತ್ತಿತ್ತು, ಗಂಜಿತಿಳಿ ಬಿಟ್ಟು ಬೇರೇನೂ ಒಗ್ಗುತ್ತಿರಲಿಲ್ಲ ಎಂದರು. ಇದನ್ನು ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು, “ಬುಡದಲ್ಲೇ ಆದ ನಷ್ಟ ಅದು, ಈಗ ಏನು ಮಾಡಿದರೂ ಅಷ್ಟೇ” ಎಂದುಬಿಟ್ಟರು.

ನನ್ನ ಪ್ರಶ್ನೆ ಇದು. ಎತ್ತರ ಕುಂಠಿತವಾದುದಕ್ಕೂ ಕಲಿಕೆ ಹಿಂದೆ ಬಿದ್ದುದಕ್ಕೂ ಕಾರಣ ಒಂದೇ ಆಗಿದ್ದರೆ, ಎರಡೂ ಒಂದೇ ರೀತಿಯಲ್ಲಿ ಸರಿಪಡಿಸಲಾಗದವೇ? ಶಾಲೆಯ ಮಧ್ಯಾಹ್ನದ ಊಟಕ್ಕೆ ಈ ವಿಷಯದಲ್ಲಿ ಏನಾದರೂ ಪಾತ್ರವಿದೆಯೇ?

ಪೆರ್ಲದವನು:

ಟೀಚರೇ, ನಾನು ಮಂಗಳೂರಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುವವನು, ಊರು ಪೆರ್ಲ. ನಿಮ್ಮ ಸಹೋದ್ಯೋಗಿಯ ಮಾತು ಎತ್ತರದ ಮಟ್ಟಿಗೆ ಬಹುಪಾಲು ನಿಜ, ಕಲಿಕೆಯ ಮಟ್ಟಿಗೆ ನಿಜವಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಇಂಥ ಮಕ್ಕಳ ಮೇಲಿನ ಆಸೆಯನ್ನು ನಾವು ಬೇಗ ಬಿಟ್ಟುಬಿಡುತ್ತೇವೆ.

ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಮಗು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್, ಎರಡನೆಯ ವರ್ಷದಲ್ಲಿ ಮತ್ತೆ ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ. ಆಮೇಲೆ ಹದಿಹರೆಯದ ತನಕ ಅಷ್ಟು ವೇಗದ ಬೆಳವಣಿಗೆ ಮತ್ತೆ ಬರುವುದಿಲ್ಲವಾದ್ದರಿಂದ, ಆ ಎರಡು ವರ್ಷಗಳಲ್ಲಿ ತಪ್ಪಿಹೋದ ಸೆಂಟಿಮೀಟರ್‌ಗಳನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಎರಡು ವರ್ಷದ ಗಂಡುಮಗುವಿನ ಮಧ್ಯಮ ಎತ್ತರ ಸುಮಾರು 87 ಸೆಂಟಿಮೀಟರ್. 81ಕ್ಕಿಂತ ಕಡಿಮೆಯಿದ್ದರೆ ಅದನ್ನು ಕುಂಠಿತ ಬೆಳವಣಿಗೆ ಎನ್ನುತ್ತೇವೆ. ಇದು ದೂರದ ಊರುಗಳ ಸಮಸ್ಯೆಯೆಂದು ಯಾರೂ ತಿಳಿಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಕುಂಠಿತ ಮಕ್ಕಳ ಪ್ರಮಾಣ ಕರ್ನಾಟಕದಲ್ಲಿ ಶೇ. 35.4, ಕೇರಳದಲ್ಲಿ ಶೇ. 23.4. ಕೇರಳದಲ್ಲಿ ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು ಶೇ. 19.7, ಅಂದರೆ ನಮ್ಮ ರಾಜ್ಯದಲ್ಲಿ ಪ್ರಮಾಣ ಏರಿದೆ.

ಮಿದುಳಿಗೂ ಆ ಎರಡು ವರ್ಷಗಳು ಬಹಳ ಮುಖ್ಯವೆಂಬುದರಲ್ಲಿ ಸಂಶಯವಿಲ್ಲ. ಎರಡು ವರ್ಷ ತುಂಬುವಷ್ಟರಲ್ಲಿ ಮಿದುಳು ವಯಸ್ಕರ ಮಿದುಳಿನ ತೂಕದ ಸುಮಾರು ಶೇ. 80ರಷ್ಟನ್ನು ಮುಟ್ಟಿರುತ್ತದೆ. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಭರದಿಂದ ಬೆಳೆಯುವ ಕಾಲವೂ ಅದೇ, ಅದಕ್ಕೆ ಕಬ್ಬಿಣಾಂಶ ಬೇಕೇ ಬೇಕು. ತಾಯಿಯ ಹೊಟ್ಟೆಯಿಂದ ಮಗು ತಂದುಕೊಂಡ ಕಬ್ಬಿಣದ ದಾಸ್ತಾನು ಆರು ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತದೆ, ಎದೆಹಾಲಿನಲ್ಲಿ ಅದು ಕಡಿಮೆ, ಗಂಜಿತಿಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆ ಕಾರ್ಡಿನ ಗೆರೆ ಆರು ತಿಂಗಳಿಗೇ ಅಡ್ಡಕ್ಕೆ ತಿರುಗಿದ್ದು ಕಾಕತಾಳೀಯವಲ್ಲ.

ಈ ವಿಷಯದಲ್ಲಿ ಬಹಳ ಕಾಲ ಬೆನ್ನುಹತ್ತಿದ ಅಧ್ಯಯನ ಗ್ವಾಟೆಮಾಲಾದ್ದು. ಅಲ್ಲಿ 1969ರಿಂದ 1977ರವರೆಗೆ ಎರಡು ಹಳ್ಳಿಗಳಿಗೆ ಅಟೋಲೆ ಎಂಬ ಪ್ರೋಟೀನ್‌ಯುಕ್ತ ಗಂಜಿಯನ್ನೂ, ಇನ್ನೆರಡು ಹಳ್ಳಿಗಳಿಗೆ ಪ್ರೋಟೀನ್ ಇಲ್ಲದ ಫ್ರೆಸ್ಕೊ ಎಂಬ ಸಿಹಿ ಪಾನೀಯವನ್ನೂ ಕೊಟ್ಟರು. ದಶಕಗಳ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಎಳವೆಯಲ್ಲಿ ಅಟೋಲೆ ಕುಡಿದವರು ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಮುಂದಿದ್ದರು, ಅವರಲ್ಲಿ ಹೆಂಗಸರು ಉಳಿದವರಿಗಿಂತ ಸರಾಸರಿ ಒಂದಕ್ಕೂ ಹೆಚ್ಚು ತರಗತಿ ಮುಂದೆ ಓದಿದ್ದರು, ಎರಡು ವರ್ಷದೊಳಗೆ ಅದನ್ನು ಪಡೆದ ಗಂಡಸರ ಗಂಟೆಯ ಸಂಪಾದನೆ ಶೇ. 46ರಷ್ಟು ಹೆಚ್ಚಾಗಿತ್ತು. ಮೂರು ವರ್ಷ ದಾಟಿದ ಮೇಲಷ್ಟೇ ಕುಡಿದವರ ಸಂಪಾದನೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಕುಂಬಳೆ_ನಿವೃತ್ತ_ಮಾಸ್ಟ್ರು:

ಡಾಕ್ಟ್ರೇ, ವಿವರಣೆ ಚೆನ್ನಾಗಿದೆ, ಆದರೆ ನನಗೆ ಎರಡು ಆಕ್ಷೇಪಗಳಿವೆ. ಕುಂಠಿತ ಮಗು ಹುಟ್ಟುವುದು ಸಾಮಾನ್ಯವಾಗಿ ಬಡವರ ಮನೆಯಲ್ಲಿ. ಅಲ್ಲಿ ಪುಸ್ತಕವೂ ಇಲ್ಲ, ಪಾಠ ಹೇಳಿಕೊಡುವವರೂ ಇಲ್ಲ. ಎತ್ತರ ಕಡಿಮೆ, ಅಂಕವೂ ಕಡಿಮೆ ಎಂದಾಕ್ಷಣ ಒಂದಕ್ಕೊಂದು ಸಂಬಂಧ ಕಟ್ಟುವುದು ಹೇಗೆ? ಅಪ್ಪ ಅಮ್ಮ ಗಿಡ್ಡವಿದ್ದರೆ ಮಗುವೂ ಗಿಡ್ಡ, ಅಷ್ಟೇ ಇರಬಾರದೇಕೆ? ಎರಡನೆಯದಾಗಿ, 1944–45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡಿನಲ್ಲಿ ಬಿದ್ದ ಕ್ಷಾಮದ ವೇಳೆ ಗರ್ಭದಲ್ಲಿದ್ದ ಗಂಡುಮಕ್ಕಳನ್ನು 19ನೇ ವಯಸ್ಸಿನಲ್ಲಿ, ಸೈನ್ಯದ ತಪಾಸಣೆಯ ಹೊತ್ತಿಗೆ ಪರೀಕ್ಷಿಸಿದಾಗ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ಓದಿದ್ದೇನೆ. ಹಸಿವೇ ಕಾರಣವೆಂದಾದರೆ ಅದು ಅಲ್ಲೂ ಕಾಣಬೇಕಿತ್ತಲ್ಲವೇ?

ಮುಳ್ಳೇರಿಯ_ಅಂಗನವಾಡಿ:

ಮಾಸ್ಟ್ರ ಪ್ರಶ್ನೆಗೆ ಡಾಕ್ಟರು ಉತ್ತರಿಸಲಿ. ನಾನು ಕಂಡದ್ದನ್ನು ಬರೆಯುತ್ತೇನೆ. ಮೊದಲು ಅಳತೆಯ ವಿಷಯ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ಒತ್ತಿ ಪಾದಕ್ಕೆ ಪಟ್ಟಿ ತಾಗಿಸಬೇಕು. ಮಗು ಅತ್ತು ಕಾಲು ಮಡಚಿದರೆ ಒಂದೆರಡು ಸೆಂಟಿಮೀಟರ್ ಅಲ್ಲೇ ಹೋಯಿತು. ಆದ್ದರಿಂದ ಒಂದು ಸಲದ ಅಂಕೆಗಿಂತ ತಿಂಗಳು ತಿಂಗಳು ಗೆರೆ ಎತ್ತ ಸಾಗುತ್ತಿದೆ ಎಂಬುದನ್ನು ನೋಡಬೇಕು.

ಇನ್ನು ಗಂಜಿ. ಆರು ತಿಂಗಳಾದ ಮೇಲೆ ಕುಚ್ಚಲಕ್ಕಿಯ ತಿಳಿಯನ್ನು ಉಪ್ಪು ಹಾಕಿ ಕುಡಿಸುವುದು, ಅದು ಹಗುರ, ಜೀರ್ಣವಾಗುತ್ತದೆ ಎಂದು ಅಜ್ಜಿಯಂದಿರು ಹೇಳುವುದು ಈಗಲೂ ಇದೆ. ಎಂಟು ಕಿಲೋ ತೂಕದ ಮಗುವಿನ ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಹಿಡಿಸುವುದು ಸುಮಾರು ಒಂದು ಲೋಟದಷ್ಟು ಮಾತ್ರ. ಅದು ನೀರಿನಿಂದಲೇ ತುಂಬಿದರೆ ಅನ್ನಕ್ಕೆ ಜಾಗವೆಲ್ಲಿ? ಚಮಚ ಓರೆ ಮಾಡಿದರೆ ಹರಿದುಹೋಗದಷ್ಟು ಗಟ್ಟಿ ಇರಬೇಕು ಎಂದು ನಾನು ತಾಯಂದಿರಿಗೆ ಚಮಚ ಹಿಡಿದೇ ತೋರಿಸುತ್ತೇನೆ. ರಾಗಿಯ ‘ಮಣ್ಣಿ’ ಎಂಬ ಗಟ್ಟಿ ಗಂಜಿಗೆ ಒಂದು ಚಮಚ ತೆಂಗಿನೆಣ್ಣೆಯೋ ತುಪ್ಪವೋ ಬೀಳಬೇಕು, ಬೇಯಿಸಿದ ಹೆಸರುಬೇಳೆ ಬೇಕು, ತಿನ್ನುವ ಮನೆಯಾದರೆ ಮೊಟ್ಟೆ, ಮುಳ್ಳು ತೆಗೆದ ಬೂತಾಯಿ ಮೀನು. ಅಂಗನವಾಡಿಯಿಂದ ಕೊಡುವ ಅಮೃತಂ ಪುಡಿಯ ಮಿಶ್ರಣವನ್ನು ರೂಪಿಸಿದ್ದು ನಮ್ಮ ಕಾಸರಗೋಡಿನ ತೋಟಗಾರಿಕಾ ಬೆಳೆ ಸಂಶೋಧನಾ ಕೇಂದ್ರವೇ, ಅಂದರೆ ಸಿಪಿಸಿಆರ್‌ಐ; ತಯಾರಿಸುವವರು ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು. ಗೋಧಿ, ನೆಲಗಡಲೆ, ಕಡಲೆ, ಸೋಯಾ, ಸಕ್ಕರೆ ಸೇರಿದ ಒಳ್ಳೆಯ ಪುಡಿ. ಆದರೆ ಅದು ಎಷ್ಟೋ ಮನೆಗಳಲ್ಲಿ ಉಂಡೆಯಾಗಿ ದೊಡ್ಡ ಮಕ್ಕಳ ಪಾಲಾಗುತ್ತದೆ. ಅವರನ್ನೂ ಬೈಯಲು ಮನಸ್ಸು ಬರುವುದಿಲ್ಲ.

ಭೇದಿಯಾದಾಗ ಊಟ ನಿಲ್ಲಿಸುವ ಕ್ರಮವೇ ಅತಿ ದೊಡ್ಡ ಹಾನಿ. ಓಆರ್‌ಎಸ್, ಸತುವಿನ ಮಾತ್ರೆ ಕೊಡುತ್ತಲೇ ಎದೆಹಾಲನ್ನೂ ಊಟವನ್ನೂ ಮುಂದುವರಿಸಬೇಕು, ಗುಣವಾದ ಮೇಲೆ ಕೆಲವು ದಿನ ಒಂದು ಹೊತ್ತು ಹೆಚ್ಚು ಉಣಿಸಬೇಕು.

ಪೆರ್ಲದವನು:

ಮಾಸ್ಟ್ರೇ, ನಿಮ್ಮ ಆಕ್ಷೇಪಗಳು ನ್ಯಾಯವಾದವು. ಮೊದಲು ವಂಶದ ಮಾತು. 2006ರ ಮಾನದಂಡವನ್ನು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ದಕ್ಷಿಣ ದೆಹಲಿಯ ಮಕ್ಕಳನ್ನು ಅಳೆದು ರೂಪಿಸಿದರು. ಎದೆಹಾಲು, ಒಳ್ಳೆಯ ಆಹಾರ, ಆರೋಗ್ಯಸೇವೆ ಸಿಕ್ಕಿದ ಆ ಮಕ್ಕಳೆಲ್ಲ ಐದು ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದರು. ಒಂದು ಮನೆಯ ಮಗುವಿಗೂ ಇನ್ನೊಂದು ಮನೆಯ ಮಗುವಿಗೂ ವಂಶದ ವ್ಯತ್ಯಾಸ ಇರುತ್ತದೆ, ಆದರೆ ಒಂದಿಡೀ ರಾಜ್ಯದ ಕಾಲುಭಾಗ ಮಕ್ಕಳು ಕುಂಠಿತರಾಗಿರುವುದನ್ನು ವಂಶದಿಂದ ವಿವರಿಸಲಾಗದು. ಮೇಲಾಗಿ ಆ ಗಿಡ್ಡ ತಾಯಿಯೂ ಎಳವೆಯಲ್ಲಿ ಹೊಟ್ಟೆಗಿಲ್ಲದೆ ಬೆಳೆದವಳೇ ಇರಬಹುದು.

ನೆದರ್‌ಲ್ಯಾಂಡಿನ ಕ್ಷಾಮ ಕೆಲವು ತಿಂಗಳಲ್ಲಿ ಮುಗಿಯಿತು, ಹುಟ್ಟಿದ ಮೇಲೆ ಆ ಮಕ್ಕಳಿಗೆ ಊಟ, ಶಾಲೆ, ವೈದ್ಯ ಎಲ್ಲವೂ ಸಿಕ್ಕಿತು. ನಮ್ಮ ಕುಂಠಿತ ಮಕ್ಕಳದು ಹಾಗಲ್ಲ, ಕೊರತೆ ಹುಟ್ಟಿದ ಮೇಲೂ ವರ್ಷಗಟ್ಟಲೆ ಮುಂದುವರಿಯುತ್ತದೆ. ನಿಮ್ಮ ಉದಾಹರಣೆಯನ್ನು ನಾನು ಟೀಚರ ಪರವಾಗಿಯೇ ಬಳಸುತ್ತೇನೆ: ನಂತರದ ಪರಿಸರ ಒಳ್ಳೆಯದಿದ್ದರೆ ಮಿದುಳು ಬಹಳಷ್ಟನ್ನು ಚೇತರಿಸಿಕೊಳ್ಳುತ್ತದೆ.

ಬಡತನವೋ ಆಹಾರವೋ ಎಂಬ ಪ್ರಶ್ನೆಗೆ ಜಮೈಕಾದ ಪ್ರಯೋಗ ಹೆಚ್ಚು ಬೆಳಕು ಕೊಡುತ್ತದೆ. 1986–87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, 9ರಿಂದ 24 ತಿಂಗಳ ನಡುವಿನ 129 ಕುಂಠಿತ ಮಕ್ಕಳನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯಂಥ ಆಹಾರ, ಕೆಲವರಿಗೆ ವಾರಕ್ಕೊಮ್ಮೆ ಮನೆಗೆ ಬಂದು ತಾಯಿಗೆ ಮಗುವಿನೊಡನೆ ಆಡುವುದು, ಮಾತಾಡುವುದು ಹೇಗೆಂದು ತೋರಿಸುವ ಆರೋಗ್ಯ ಸಹಾಯಕಿ, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ ಎಂಬ ವ್ಯವಸ್ಥೆಯನ್ನು ಎರಡು ವರ್ಷ ನಡೆಸಿದರು. ಎಲ್ಲರೂ ಬಡವರೇ, ಎಲ್ಲರೂ ಕುಂಠಿತರೇ. ಆರಂಭದಲ್ಲಿ ಆಹಾರದಿಂದಲೂ ಆಟದಿಂದಲೂ ಲಾಭ ಕಂಡಿತು. ಆದರೆ ಇಪ್ಪತ್ತು ವರ್ಷಗಳ ನಂತರವೂ ಉಳಿದದ್ದು ಆಟ-ಮಾತಿನ ಲಾಭ. ಆ ಗುಂಪಿನವರ ಸಂಪಾದನೆ ಶೇ. 25ರಷ್ಟು ಹೆಚ್ಚಾಗಿತ್ತು. ಹೊಟ್ಟೆಗಿಲ್ಲದ ಮಗು ಸಪ್ಪಗೆ ಕುಳಿತಿರುತ್ತದೆ, ಕೈಗೆ ಸಿಕ್ಕಿದ್ದನ್ನು ಎಳೆದು ಬೀಳಿಸುವುದಿಲ್ಲ, ಗಿಡ್ಡವಾಗಿರುವುದರಿಂದ ದೊಡ್ಡವರೂ ಅದನ್ನು ಎಳೆಗೂಸಿನಂತೆ ಎತ್ತಿಕೊಂಡೇ ಇರುತ್ತಾರೆ, ಅದರೊಡನೆ ಮಾತು ಕಡಿಮೆ. ಕಲಿಕೆಯ ನಷ್ಟದ ಒಂದು ಪಾಲು ಹೀಗೆ ಬಂದದ್ದು.

ಬದಿಯಡ್ಕ_ಎಲ್‌ಪಿ_ಟೀಚರ್:

ಇಬ್ಬರಿಗೂ ಧನ್ಯವಾದ. ಹಾಗಾದರೆ ಎಂಟು ವರ್ಷದ ಈ ಹುಡುಗನಿಗೆ ಶಾಲೆಯಲ್ಲಿ ಏನು ಮಾಡಬಹುದು? ಎತ್ತರ ಹೆಚ್ಚಿಸುವ ಪುಡಿಯೊಂದನ್ನು ಕೊಡಿಸಲೇ ಎಂದು ತಾಯಿ ಕೇಳುತ್ತಿದ್ದಾರೆ. ಮನೆಯಲ್ಲಿ ಒಂಬತ್ತು ತಿಂಗಳ ತಂಗಿಯೂ ಇದ್ದಾಳೆ.

ಪೆರ್ಲದವನು:

ಪುಡಿ ಬೇಡ. ಎಳವೆಯಲ್ಲಿ ಕುಂಠಿತವಾದ ಮಗು ಮುಂದೆ ಎತ್ತರಕ್ಕೆ ಹೋಗದೆ ತೂಕವನ್ನಷ್ಟೇ ಬೇಗ ಏರಿಸಿಕೊಂಡರೆ ದೊಡ್ಡವನಾದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಅಪಾಯ ಹೆಚ್ಚುತ್ತದೆ. ಆ ದುಡ್ಡಿಗೆ ಮೊಟ್ಟೆ, ಕಡಲೆ ಕೊಂಡರೆ ಸಾಕು.

ಮೊದಲು ಕಣ್ಣು, ಕಿವಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬೋರ್ಡು ನೋಡಿ ಬರೆಯಲು ತಡವರಿಸುವ ಮಗುವಿಗೆ ಬೇಕಾದದ್ದು ಕನ್ನಡಕವೂ ಇರಬಹುದು. ರಕ್ತಹೀನತೆ ಇದ್ದರೆ ಗಮನ ನಿಲ್ಲದಿರುವುದು ಸಹಜ, ಚಿಕಿತ್ಸೆಯಿಂದ ಸುಧಾರಿಸುವ ಸಾಧ್ಯತೆಯೂ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆಯನ್ನೂ ಜಂತುಹುಳುವಿನ ಮಾತ್ರೆಯನ್ನೂ ಅವನು ನಿಜವಾಗಿ ನುಂಗುತ್ತಾನೆಯೇ ಎಂದು ನೋಡಿ. ಮಧ್ಯಾಹ್ನದ ಊಟ ಅವನ ಎತ್ತರವನ್ನು ಮರಳಿ ತಾರದಿದ್ದರೂ ಕಲಿಕೆಗೆ ಅದರ ಪ್ರಯೋಜನ ಸಣ್ಣದಲ್ಲ. ದೇಶದ ಶಾಲೆಗಳ ಅಂಕಿಅಂಶಗಳನ್ನು ವಿಶ್ಲೇಷಿಸಿದ ಒಂದು ಅಧ್ಯಯನದಲ್ಲಿ, ಐದು ವರ್ಷದವರೆಗೆ ಆ ಊಟ ಸಿಕ್ಕಿದ ಮಕ್ಕಳ ಓದಿನ ಅಂಕ, ಒಂದು ವರ್ಷಕ್ಕಿಂತ ಕಡಿಮೆ ಸಿಕ್ಕಿದವರಿಗಿಂತ ಶೇ. 18ರಷ್ಟು ಹೆಚ್ಚಿತ್ತು. ಒತ್ತಕ್ಷರವನ್ನು ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಹೇಳಿಕೊಡಿ. ಬಾಯಿಲೆಕ್ಕದಲ್ಲಿ ಅವನಿಗಿರುವ ಧೈರ್ಯವನ್ನು ಎಲ್ಲರೆದುರು ಬಳಸಿಕೊಳ್ಳಿ.

ಮುಳ್ಳೇರಿಯ_ಅಂಗನವಾಡಿ:

ಟೀಚರೇ, ಆ ಒಂಬತ್ತು ತಿಂಗಳ ತಂಗಿಯ ಹೆಸರು ಯಾವ ಅಂಗನವಾಡಿಯಲ್ಲಿ ದಾಖಲಾಗಿದೆ ಎಂದು ತಾಯಿಯನ್ನು ಕೇಳಿ, ಈ ತಿಂಗಳೇ ಉದ್ದ, ತೂಕ ಎರಡನ್ನೂ ಅಳೆಸಲು ಹೇಳಿ. ದಾಖಲಾಗಿಲ್ಲವೆಂದಾದರೆ ಮನೆ ಇರುವ ವಾರ್ಡನ್ನು ಇಲ್ಲಿ ಬರೆಯದೆ ನನಗೆ ಪ್ರತ್ಯೇಕವಾಗಿ ತಿಳಿಸಿ. ಅಲ್ಲಿನ ಅಂಗನವಾಡಿ ಟೀಚರಿಗೆ ನಾನೇ ಫೋನ್ ಮಾಡುತ್ತೇನೆ.