ಅಪ್‌ಡೇಟ್: ಎಂಜಿಬಿ ಸ್ಟೇರಿಂಗ್ ಆಟ ಕೊನೆಗೂ ನಿಂತಿತು

ನನ್ನ 1972ರ ಎಂಜಿಬಿ ಕಾರಿನಲ್ಲಿ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಸ್ಟೇರಿಂಗ್ ಎರಡು ಇಂಚು ತಿರುಗಿಸಿದರೂ ಚಕ್ರ ಅಲುಗಾಡುತ್ತಿರಲಿಲ್ಲ, ಅಷ್ಟು ಆಟ (ಸಡಿಲು) ಇತ್ತು. ಹೊಸ ರ‍್ಯಾಕ್ (ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ಸರಳು) ಹಾಕಿಸಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮೊದಲು ಜಾಯಿಂಟ್‌ಗಳನ್ನು ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ನೀವು ಹೇಳಿದ್ದೇ ಸರಿ.

ಗೆಳೆಯ ಒಳಗೆ ಕೂತು ಸ್ಟೇರಿಂಗನ್ನು ಆಚೆ ಈಚೆ ಆಡಿಸಿದ. ನಾನು ಸ್ಟೇರಿಂಗ್ ಕಾಲಂ (ಕಂಬ) ಕೆಳಗಿನ ಯುನಿವರ್ಸಲ್ ಜಾಯಿಂಟ್ (ಎರಡು ಸರಳುಗಳನ್ನು ಜೋಡಿಸುವ ಕೀಲು) ಮೇಲೆ ಬೆರಳಿಟ್ಟೆ. ಮೇಲಿನ ಭಾಗ ತಿರುಗಿ, ಟಕ್ ಅಂದು, ಆಮೇಲೆ ಕೆಳಗಿನದು ತಿರುಗುತ್ತಿತ್ತು. ಆಟದ ಮುಕ್ಕಾಲು ಪಾಲು ಅಲ್ಲೇ ಇತ್ತು! ಟೈ ರಾಡ್ ಎಂಡ್‌ಗಳೂ (ಚಕ್ರಗಳನ್ನು ತಿರುಗಿಸುವ ಸರಳುಗಳ ತುದಿಯ ಕೀಲುಗಳು) ಎರಡೂ ಸವೆದಿದ್ದವು. ಮೂರನ್ನೂ ಬದಲಾಯಿಸಿದೆ. ರ‍್ಯಾಕ್ ಚೆನ್ನಾಗಿಯೇ ಇದೆ, ಹರಿದ ರಬ್ಬರ್ ಬೂಟ್ (ಧೂಳು ತಡೆಯುವ ಹೊದಿಕೆ) ಮಾತ್ರ ಹೊಸದು.

ಆದರೂ ಸ್ಟೇರಿಂಗ್ ಭಾರವಾಗಿತ್ತು, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಕಾರಣ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಚ್ಚು). ಈ ಕಾರಿನಲ್ಲಿ ಅದಕ್ಕೆ ಆಗಾಗ ಗ್ರೀಸ್ ಹಾಕಲೇಬೇಕು. ಕಾರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಎರಡೂ ಕಡೆ ತಿರುಗಿಸುತ್ತಾ ಗ್ರೀಸ್ ಗನ್ ಒತ್ತಿದೆ. ಮೊದಲು ಕಪ್ಪು ಕೆಸರಿನಂಥದ್ದು ಬಂತು, ನಿಧಾನವಾಗಿ ಹೊಸ ಗ್ರೀಸ್ ಕಂಡಿತು. ನೋಡಿ ಎಷ್ಟು ಖುಷಿಯಾಯಿತು ಅಂದರೆ!

ಟೈ ರಾಡ್ ಎಂಡ್ ಬಿಚ್ಚಿದರೆ ಅಲೈನ್‌ಮೆಂಟ್ ಕೆಡುತ್ತದೆ, ಅಲ್ವಾ? ಟೋ-ಇನ್ (ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ವಾಲಿರುವ ಅಳತೆ) ಸುಮಾರು 2 ಮಿಲಿಮೀಟರ್‌ಗೆ ಸರಿ ಮಾಡಿಸಿದೆ. ಆ ಎಂಡ್ ಹಿಡಿದಿರುವ ಕ್ಯಾಸಲ್ (ಮೇಲೆ ಸೀಳುಗಳಿರುವ) ನಟ್‌ಗಳಿಗೆ ಹಳೇ ಸ್ಪ್ಲಿಟ್ ಪಿನ್ (ನಟ್ ಬಿಚ್ಚದಂತೆ ತಡೆಯುವ ತಂತಿ ಪಿನ್) ಮತ್ತೆ ಬಳಸಬೇಡಿ, ಹೊಸದೇ ಹಾಕಿ. ಆ ನಟ್ ಬಿಚ್ಚಿಕೊಂಡರೆ ಸ್ಟೇರಿಂಗೇ ಇರುವುದಿಲ್ಲ.

ಈಗ ಬೆರಳ ತುದಿಯಲ್ಲಿ ಅಲುಗಿಸಿದರೂ ಕಾರಿನ ಮೂತಿ ತಿರುಗುತ್ತದೆ. ಉಳಿದಿರುವುದು ಮುಂದಿನ ಸಸ್ಪೆನ್ಷನ್ ಕೀಲುಗಳ ಮೆತ್ತೆ, ಅಂದರೆ ಬುಷ್‌ಗಳು. ರಬ್ಬರ್ ಹಾಕಲಾ, ಪಾಲಿಯುರೆಥೇನ್ ಹಾಕಲಾ? ಬಳಸಿದವರು ಹೇಳಿ.