ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕ್ಯಾಲಿಫೋರ್ನಿಯಾ ನಾಣ್ಯ ಅಸಲಿಯೇ?

ಕಾಜೂಬಾಗ_ಕಾರವಾರ: ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಮುಂಬಯಿಯಿಂದ ಹೊರಡುವ ಹಡಗುಗಳಲ್ಲಿ ಭಂಡಾರಿಯಾಗಿದ್ದರು. ಅವರ ತಗಡಿನ ಪೆಟ್ಟಿಗೆಯಲ್ಲಿ ಕಿರುಬೆರಳಿನ ಉಗುರಿನಷ್ಟೇ ಇರುವ, ಎಂಟು ಮೂಲೆಯ ಹಳದಿ ನಾಣ್ಯವೊಂದು ಸಿಕ್ಕಿದೆ. ಒಂದು ಬದಿ ಹೆಂಗಸಿನ ತಲೆ, 1852 ಎಂಬ ಇಸವಿ. ಇನ್ನೊಂದು ಬದಿಗೆ ಕಿಟ್ಟ ಕಟ್ಟಿದೆ, ‘ಕ್ಯಾಲಿಫೋರ್ನಿಯಾ ಗೋಲ್ಡ್’ ಎಂಬಷ್ಟೇ ಓದಲಾಯಿತು. ಯಾವ ಸರ್ಕಾರದ ಹೆಸರೂ ಇಲ್ಲ. ಪೇಟೆಯಲ್ಲಿ ತೋರಿಸಿದರೆ ‘ಕರಗಿಸಿದರೆ ಓಲೆಯ ತಿರುಪಿಗೂ ಸಾಲದು’ ಎಂದರು. ಅಮೆರಿಕದಲ್ಲಿರುವ ಅಣ್ಣನ ಮಗ ರಜೆಗೆ ಬರುತ್ತಿದ್ದಾನೆ, ಅವನ ಕೈಲಿ ಪರೀಕ್ಷೆಗೆ ಕಳಿಸಲೇ?

ಶಿರಸಿ_ನಾಣ್ಯಪ್ರೇಮಿ: ಕರಗಿಸಬೇಡಿ. ಹುಣಸೆಹುಳಿ ಹಾಕಿ ತಿಕ್ಕಬೇಡಿ, ಒರೆಗಲ್ಲಿಗೂ ಹಚ್ಚಬೇಡಿ.

ಸರ್ಕಾರದ ಹೆಸರಿಲ್ಲ ಎಂದ ಮಾತ್ರಕ್ಕೆ ಸುಳ್ಳು ನಾಣ್ಯ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಕೊಲೋಮಾ ಎಂಬಲ್ಲಿ ಸಟ್ಟರ್ ಎಂಬವನ ಸಾಮಿಲ್ ಹತ್ತಿರ ಚಿನ್ನ ಕಂಡದ್ದು 1848ರ ಜನವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸರ್ಕಾರಿ ಟಂಕಸಾಲೆ ಶುರುವಾದದ್ದು 1854ರಲ್ಲಿ. ಆ ನಡುವೆ ಅಂಗಡಿಯಲ್ಲಿ ಚಿನ್ನದ ಪುಡಿ ತೂಗಿಯೇ ವ್ಯಾಪಾರ. ಹಾಗಾಗಿ ಮೊಫಾಟ್, ಬಾಲ್ಡ್ವಿನ್, ವಾಸ್ ಮೊಲಿಟರ್, ಕೆಲಾಗ್ ಮುಂತಾದ ಖಾಸಗಿ ಕಂಪನಿಯವರು ತಮ್ಮದೇ ಹೆಸರು ಹಾಕಿ ನಾಣ್ಯ ಹೊಡೆದರು. ನನಗೆ ಇವೆಲ್ಲದರಲ್ಲಿ ಬಾಲ್ಡ್ವಿನ್‌ನ 1850ರ ಹತ್ತು ಡಾಲರಿನ ಮೇಲೆ ಜೀವ. ಅದರ ಮೇಲೆ ಹಗ್ಗ ಬೀಸುತ್ತಿರುವ ಕುದುರೆ ಸವಾರನಿದ್ದಾನೆ, ಫೋಟೋದಲ್ಲಿ ನೋಡಿದರೂ ಕಣ್ಣು ತೆಗೆಯಲಾಗದು. 1851ರಲ್ಲಿ ಸರ್ಕಾರಿ ಪರೀಕ್ಷಕ ಹಂಬರ್ಟ್ ಎಂಬವನು ಬಾಲ್ಡ್ವಿನ್ ಕಂಪನಿಯ ನಾಣ್ಯಗಳನ್ನು ನೋಡಿದಾಗ ಮುಖಬೆಲೆಗಿಂತ ಶೇಕಡಾ ಎರಡು ಮೂರರಷ್ಟು ಚಿನ್ನ ಕಮ್ಮಿ ಬಂತು. ಸುದ್ದಿ ಪತ್ರಿಕೆಗೆ ಬಿತ್ತು, ಜನರ ನಂಬಿಕೆ ಹೋಯಿತು, ನಾಣ್ಯಗಳು ಮೂಸೆ ಸೇರಿದವು. ಇವತ್ತು ಅವು ಅಷ್ಟು ವಿರಳವಾಗಿರುವುದು ಇದರಿಂದಲೇ.

ನಿಮ್ಮದು ಚಿಲ್ಲರೆ ಜಾತಿಯದು. ಸಣ್ಣ ನಾಣ್ಯಕ್ಕೆ ಬರಗಾಲವಿದ್ದುದರಿಂದ ಸ್ಯಾನ್ ಫ್ರಾನ್ಸಿಸ್ಕೋದ ಅಕ್ಕಸಾಲಿಗಳು, ಅವರಲ್ಲಿ ಕೆಲವರು ಫ್ರೆಂಚರು, 1852ರಿಂದ ಕಾಲು, ಅರ್ಧ, ಒಂದು ಡಾಲರಿನವನ್ನು ಮಾಡಿದರು. 1864ರಲ್ಲಿ ಖಾಸಗಿ ನಾಣ್ಯಕ್ಕೆ ಕಾನೂನಿನ ತಡೆ ಬಿದ್ದರೂ ಇವು 1882ರವರೆಗೆ ತಯಾರಾದವು. ಒಂದು ಭೂತಗನ್ನಡಿ ಹಿಡಿದು ನೋಡಿ: ಅಂಕಿಯ ಜೊತೆ ‘ಡಾಲರ್’, ‘ಡಾಲ್’ ಅಥವಾ ‘ಸೆಂಟ್ಸ್’ ಎಂದಿದೆಯೇ? ಕರಡಿಯ ಚಿತ್ರ ಇದೆಯೇ?

ಕುಮಟಾ_ಚಿನ್ನದಕೆಲಸ: ಅಂಚಿನಲ್ಲಿ ಬೆಸುಗೆಯ ಗುರುತಿದೆಯೇ ಅದನ್ನೂ ನೋಡಿ. ಇಂಥವಕ್ಕೆ ಕೊಂಡಿ ಹಾಕಿ ಸರಕ್ಕೆ ಕಟ್ಟುವುದುಂಟು, ಆಗ ನಾಣ್ಯದ ಬೆಲೆ ಬಿದ್ದುಹೋಗುತ್ತದೆ. ಕ್ಯಾರೆಟ್ ಮಶೀನಿಗೆ ಇಟ್ಟರೆ ಗೀರು ಬೀಳುವುದಿಲ್ಲ. ಆದರೆ ಅದು ಮೇಲ್ಪದರ ಮಾತ್ರ ನೋಡುವುದು, ದಪ್ಪ ಗಿಲೀಟು ಇದ್ದರೆ ಚಿನ್ನ ಎಂದೇ ತೋರಿಸಬಹುದು.

ಕಾಜೂಬಾಗ_ಕಾರವಾರ: ಗಡಿಯಾರ ರಿಪೇರಿಯವರ ಕಣ್ಣುಗಾಜು ತಂದು ನೋಡಿದೆ. ಕರಡಿ ಇದೆ. ಅರ್ಧ ಎಂಬ ಅಂಕಿ ಇದೆ, ಡಾಲರ್ ಅಂತ ಎಲ್ಲೂ ಇಲ್ಲ. ಬೆಸುಗೆ ಇಲ್ಲ.

ಶಿರಸಿ_ನಾಣ್ಯಪ್ರೇಮಿ: ಅಸಲಿಯಲ್ಲಿ ಅಂಕಿಯ ಜೊತೆ ಡಾಲರ್ ಅಥವಾ ಸೆಂಟ್ಸ್ ಎಂದಿರುತ್ತದೆ, ಕರಡಿ ಇರುವುದು ಸಾಮಾನ್ಯವಾಗಿ ಬಿಲ್ಲೆಗಳ ಮೇಲೆ. ಹಾಗಾದರೆ ಅದು ಪ್ರವಾಸಿಗರಿಗೆಂದು ಆಮೇಲೆ ಮಾಡಿದ ನೆನಪಿನ ಬಿಲ್ಲೆ. 1852 ಎಂಬ ಇಸವಿ ಬರೀ ಅಲಂಕಾರ. ಇಂಥವು ಕಡಿಮೆ ಕ್ಯಾರೆಟ್ ಚಿನ್ನದಲ್ಲೂ ಬಂದಿವೆ, ಗಿಲೀಟು ಹಿತ್ತಾಳೆಯಲ್ಲೂ ಬಂದಿವೆ. ಪರೀಕ್ಷೆಯ ಫೀಸೇ ಬಿಲ್ಲೆಯ ಬೆಲೆಗಿಂತ ಹೆಚ್ಚಾದೀತು, ಕಳಿಸಬೇಡಿ. ಅಸಲಿ ಆಗಿದ್ದರಂತೂ ಹುಡುಗನ ಕೈಲಿ ಕೊಡುವ ಹಾಗೇ ಇರಲಿಲ್ಲ: ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಗೆ ಬರುತ್ತದೆ, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹುಡುಗ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಕಷ್ಟ.

ಕುಮಟಾ_ಚಿನ್ನದಕೆಲಸ: ಅಸಲಿ ಒಂದನ್ನು ಕೊಳ್ಳಬೇಕು ಎನ್ನುವವರು ಎಲ್ಲಿಂದ ಶುರು ಮಾಡಬೇಕು ರಾಯರೇ?

ಶಿರಸಿ_ನಾಣ್ಯಪ್ರೇಮಿ: ಬಾಲ್ಡ್ವಿನ್, ಹಂಬರ್ಟನ ಎಂಟು ಮೂಲೆಯ ಐವತ್ತು ಡಾಲರ್, ಇವು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಕಾಲು ಡಾಲರಿನಿಂದ ಶುರು ಮಾಡಿ. ನಾಣ್ಯ ಪರೀಕ್ಷಿಸಿ ಮೊಹರು ಹಾಕಿ ಕೊಡುವ ಅಮೆರಿಕದ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಮೊಹರಿನ ಡಬ್ಬಿಯಲ್ಲಿ ಇರುವುದನ್ನೇ ಕೇಳಿ, ಡಬ್ಬಿಯ ನಂಬರನ್ನು ಅವರದೇ ವೆಬ್‌ಸೈಟಿನಲ್ಲಿ ತಾಳೆ ನೋಡಿ, ಕಸ್ಟಮ್ಸ್ ಸುಂಕ ಎಷ್ಟಾದೀತು ಎಂದು ಮೊದಲೇ ವಿಚಾರಿಸಿ. ಬಿಡಿಯಾಗಿ ಅಗ್ಗಕ್ಕೆ ಕೊಡುತ್ತೇನೆ ಎಂದವರಿಗೆ ದೂರದಿಂದಲೇ ಕೈಮುಗಿಯಿರಿ.