ಮನೆಯಲ್ಲೇ ರೌಟರ್ ಟೇಬಲ್: ಎಂಡಿಎಫ್ ಹಾಕಬಹುದಾ?

ಕಾರವಾರದವ:
ಹಳೆ ಮನೆ ಬಿಚ್ಚಿದಾಗ ಸಿಕ್ಕ ಸಾಗವಾನಿ ರೀಪುಗಳು ಒಂದಿಷ್ಟು ಇವೆ. ಫೋಟೋ ಫ್ರೇಮ್ ಮಾಡೋಣ ಅಂತ ಮರದ ಅಂಚು ಕೊರೆಯುವ ಚಿಕ್ಕ ಟ್ರಿಮ್ ರೌಟರ್ ಮೆಷಿನ್ ತಂದೆ. ಒಂದು ಇಂಚಿನ ರೀಪಿನ ಮೇಲೆ ಮೆಷಿನ್ ನಿಲ್ಲುವುದೇ ಇಲ್ಲ, ವಾಲುತ್ತದೆ. ಅದಕ್ಕೆ ಮೇಜು ಮಾಡಿ ಅಡಿಯಿಂದ ತಲೆಕೆಳಗಾಗಿ ಕೂರಿಸುವ ಯೋಚನೆ. 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಮನೆಯಲ್ಲಿದೆ, ಸಾಕಾ? ಜಾಗ ಹಿಂದಿನ ಜಗಲಿ, ಮಳೆಗಾಲದಲ್ಲಿ ಎರಚಲು ಬರುತ್ತದೆ.

ಕುಮಟಾ ಪ್ಲೈವುಡ್:
ಎಂಡಿಎಫ್ ಬೇಡ. ಜಗಲಿಯಲ್ಲಿಟ್ಟರೆ ಒಂದೇ ಮಳೆಗಾಲಕ್ಕೆ ಅಂಚು ಉಬ್ಬುತ್ತದೆ. 710 ನಂಬರಿನ ಮರೈನ್ ಪ್ಲೈ 18 ಎಂಎಂ ತನ್ನಿ, ಎರಡೂ ಬದಿಗೆ ಸನ್ಮೈಕಾ ಅಂಟಿಸಿ. ಮೇಲೆ ಮಾತ್ರ ಅಂಟಿಸಿದರೆ ಹಲಗೆ ಡೊಂಕಾಗುತ್ತದೆ, ನನ್ನ ಮೊದಲನೇ ಮೇಜು ಹಾಗೇ ಆಯ್ತು. ರೌಟರನ್ನು ಪ್ಲೈಗೇ ಬಿಗಿಯಬೇಡಿ, 18 ಎಂಎಂ ದಪ್ಪದಲ್ಲೇ ಮರ ಕೊರೆಯುವ ಬಿಟ್‌ನ ಉದ್ದವೆಲ್ಲ ಮುಗಿದುಹೋಗುತ್ತದೆ. ಪ್ಲೈ ಕತ್ತರಿಸಿ 6 ಎಂಎಂ ಅಲ್ಯೂಮಿನಿಯಂ ಪ್ಲೇಟ್ ಸಮಮಟ್ಟಕ್ಕೆ ಕೂರಿಸಿ. ಸ್ಕ್ರೂ ತೂತಿಗೆ ರೌಟರ್‌ನ ಪ್ಲಾಸ್ಟಿಕ್ ಬೇಸನ್ನೇ ಬಿಚ್ಚಿ ಅಳತೆಗೆ ಇಟ್ಟುಕೊಳ್ಳಿ. ಫೆನ್ಸ್ ಅಂದರೆ ಮರ ಒರಗಿಸಿ ತಳ್ಳಲು ನೆಟ್ಟಗಿರುವ ಒಂದು ರೀಪು, ಬಿಟ್ ಕೂರಲು ನಡುವೆ ಕಚ್ಚು, ಎರಡು ತುದಿಗೆ ಕ್ಲ್ಯಾಂಪ್. ಇಷ್ಟೇ. ಸುಮ್ನೆ ದುಡ್ಡು ಹಾಕಬೇಡಿ. ಮತ್ತೆ ನಿಮ್ಮ ಊರಿನ ಉಪ್ಪುಗಾಳಿಗೆ ಬಿಟ್ ಹಿಡಿದಿಡುವ ಕಾಲೆಟ್ ತುಕ್ಕು ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚಿ ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ.

ಶಿರಸಿ ಬಡಗಿ:
ಹಲಗೆ ಯಾವುದಾದರೂ ಇರಲಿ ಮಾರಾಯ್ರೆ, ಸ್ವಿಚ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತೇ ಇದೆ. ಎರಡು ವರ್ಷದ ಹಿಂದೆ ಕೆಲಸದ ನಡುವೆ ಕರೆಂಟ್ ಹೋಯ್ತು, ಹೇಗೂ ನಿಂತಿದೆಯಲ್ಲ ಬಿಟ್ ಬದಲಿಸೋಣ ಅಂತ ಸ್ಪ್ಯಾನರ್ ಸಿಕ್ಕಿಸಿದೆ, ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದೆ. ನಾನು ಬಾಗಿಲ ಹತ್ತಿರ ಇದ್ದಾಗ ಕರೆಂಟ್ ಬಂತು. ಸ್ಪ್ಯಾನರ್ ಮೇಜಿನ ಕಾಲಿಗೆ ಬಡಿದ ಗುರುತು ಈಗಲೂ ಇದೆ, ಕಿರುಬೆರಳು ಹೋಗುವಷ್ಟು ಆಳ. ಒಂದು ನಿಮಿಷ ಮೊದಲು ಬಂದಿದ್ದರೆ ನನ್ನ ಕೈ ಅಲ್ಲೇ ಇತ್ತು.

ರೌಟರ್‌ನ ಸ್ವಿಚ್ ಒತ್ತಿದ್ದು ಒತ್ತಿದ ಹಾಗೇ ಇರುತ್ತದೆ, ಅದೇ ತೊಂದರೆ. ಪಂಪ್‌ಸೆಟ್‌ಗೆ ಹಾಕುವ ಹಾಗೆ ಹಸಿರು ಕೆಂಪು ಗುಂಡಿಯ ಸಿಂಗಲ್ ಫೇಸ್ ಸ್ಟಾರ್ಟರ್ ಹಾಕಿಸಿ. ಕರೆಂಟ್ ಹೋದರೆ ಒಳಗಿನ ಕಾಯಿಲ್ ಬಿಟ್ಟುಬಿಡುತ್ತದೆ, ತಿರುಗಿ ಹಸಿರು ಒತ್ತುವ ತನಕ ಏಳುವುದಿಲ್ಲ. ಆದರೆ ತೋಟದವರು ಹಾಕಿಸುವ ಆಟೋ ಸ್ಟಾರ್ಟರ್ ಮಾತ್ರ ಬೇಡವೇ ಬೇಡ, ಅದು ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಮಾಡುತ್ತದೆ! ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಒದ್ದೆ ಜಗಲಿ ಅಂದಿರಲ್ಲ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿಯೂ ಇರಲಿ. ಸ್ಟಾರ್ಟರ್ ಇದ್ದರೂ ಬಿಟ್ ಬದಲಿಸುವಾಗ ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ.

ಕಾರವಾರದವ:
ಅಯ್ಯೋ, ಇದು ತಲೆಗೇ ಹೊಳೆದಿರಲಿಲ್ಲ. ಇನ್ನೊಂದು, ಮರ ತಳ್ಳುವುದು ಯಾವ ಕಡೆಯಿಂದ?

ಶಿರಸಿ ಬಡಗಿ:
ಫೆನ್ಸ್ ನಿಮ್ಮ ಎದುರಿಗಿದ್ದರೆ ಬಲದಿಂದ ಎಡಕ್ಕೆ. ಮೇಜಿನಲ್ಲಿ ಬಿಟ್ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ, ಹಾಗಾಗಿ ಅದರ ಹಲ್ಲಿಗೆ ಎದುರಾಗಿ ತಳ್ಳಬೇಕು. ಎಡದಿಂದ ತಳ್ಳಿದರೆ ಬಿಟ್ ರೀಪನ್ನು ಎಳೆದು ಎಸೆಯುತ್ತದೆ, ಹಿಂದೆಯೇ ಕೈಯೂ ಹೋಗುತ್ತದೆ. ಫೆನ್ಸ್‌ಗೂ ಬಿಟ್‌ಗೂ ನಡುವಿನ ಸಂದಿಯಲ್ಲಿ ಮರ ತೂರಿಸಬೇಡಿ. ಒಂದು ಸಲಕ್ಕೆ ಒಂದು ಸೂತಿಗಿಂತ, ಅಂದರೆ ಸುಮಾರು 3 ಎಂಎಂಗಿಂತ ಜಾಸ್ತಿ ಕೊರೆಯಬೇಡಿ. ಕೊನೆಯ ಗೇಣಿಗೆ ಕೈ ಬಿಟ್ಟು ಕೋಲಿನಿಂದ ತಳ್ಳಿ. ಗ್ಲೌಸ್ ಬೇಡ, ಹೆಗಲ ಮೇಲಿನ ಟವೆಲ್ಲೂ ಬೇಡ.

ಕುಮಟಾ ಪ್ಲೈವುಡ್:
ಹಳೆ ಮನೆ ಸಾಗವಾನಿ ಅಂದಿರಲ್ಲ, ಮೊದಲು ಅಯಸ್ಕಾಂತ ಆಡಿಸಿ ನೋಡಿ. ತಲೆ ಹಾರಿದ ಮೊಳೆಗಳು ಒಳಗೇ ಉಳಿದಿರುತ್ತವೆ.

ಕಾರವಾರದವ:
ನೋಡಿದೆ. ಆರು ರೀಪಿನಲ್ಲಿ ಹನ್ನೊಂದು ಮೊಳೆ. ಇವತ್ತು ಅದನ್ನು ಕೀಳುವುದೇ ಕೆಲಸ.